ಗವರ್ನರ್ ಹುದ್ದೆ ಬಿಟ್ಟ ವರ್ಷ

ನಾಟಕದಲ್ಲಿ ಕೆಲವರಿಗೆ ಪಾತ್ರ ಹಂಚುವುದು ನಿರ್ದೇಶಕರಲ್ಲ, ಅವರವರ ಮುಖ. ನನ್ನದು ಬಿಳಿ ಚರ್ಮ, ಉದ್ದ ಮೂಗು, ಬಿಸಿಲಿಗೆ ಹೋದರೆ ಕೆಂಪಾಗುವ ಕೆನ್ನೆ. ಹೀಗಾಗಿ ಹುಟ್ಟಿದ್ದು ಧಾರವಾಡದಲ್ಲಾದರೂ ರಂಗದ ಮೇಲೆ ನಾನು ಸದಾ ಬ್ರಿಟಿಷನೇ. ಕಾಲೇಜಿನಲ್ಲಿ ಮೊದಲ ಸಲ ಕೆಂಪು ಕೋಟು ತೊಟ್ಟು ಕ್ಯಾಪ್ಟನ್ ಆಗಿ ಬಂದು, ರಾಣಿಯ ಕೋಟೆಗೆ ಮುತ್ತಿಗೆ ಹಾಕಿ, ಕೊನೆಯಲ್ಲಿ ಚಪ್ಪಾಳೆಯ ನಡುವೆ ಸತ್ತೆ. ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮಿರ್ಚಿ ಭಜಿ ಕೊಡಿಸಿ, "ಚಲೋ ಮಾಡಿದಿ. ಆದ್ರ ಒಂದ್ ಸಲಾನಾದ್ರೂ ನಮ್ಮ ಕಡೆ ನಿಂತು ಮಾತಾಡಪಾ" ಎಂದರು. ಅಪ್ಪ ಈಗಿಲ್ಲ. ಈಗಲೂ ಮಿರ್ಚಿ ತಿನ್ನುವಾಗ ಆ ಮಾತು ನೆನಪಾಗುತ್ತದೆ.

ಅಮೆರಿಕದ ಆಸ್ಟಿನ್‌ಗೆ ಬಂದ ಮೇಲೂ ನನ್ನ ಸೈನ್ಯದ ನೌಕರಿ ತಪ್ಪಲಿಲ್ಲ. ಕನ್ನಡ ಕೂಟದ ನಾಟಕಗಳಲ್ಲಿ ಡಾಲಸ್‌ನಲ್ಲಿ ಕ್ಯಾಪ್ಟನ್ ಆದೆ, ಹೂಸ್ಟನ್‌ನಲ್ಲಿ ಕರ್ನಲ್ ಆದೆ. ಆಮೇಲೆ ಕೋಟಿನ ಗುಂಡಿಗಳು ಹೊಟ್ಟೆಯ ಮೇಲೆ ಕೂಡಲು ಒಪ್ಪದಾದವು, ಕತ್ತಿ ವರಸೆಯಲ್ಲಿ ಏದುಸಿರು ಬರತೊಡಗಿತು. ನಾವೆಲ್ಲ ಅತ್ತಿಗೆಯ ಸಲುಗೆಯಿಂದ ವೈನಿ ಎಂದು ಕರೆಯುವ ನಿರ್ದೇಶಕಿ ಸುಮಿತ್ರಾ ಕನಿಕರಪಟ್ಟು ನನ್ನನ್ನು ಗವರ್ನರ್ ಮಾಡಿದರು. ಗವರ್ನರ್‌ಗೆ ಯುದ್ಧವಿಲ್ಲ. ಬರಬೇಕು, ಇದ್ದುದರಲ್ಲಿ ದೊಡ್ಡ ಕುರ್ಚಿಯಲ್ಲಿ ಕೂರಬೇಕು, ಕಾಲ ಮೇಲೆ ಕಾಲು ಹಾಕಿ ಕಪ್ಪ ಕೇಳಬೇಕು. ಅಸಲಿ ದೊರೆಗಳ ಬಡ್ತಿಯೂ ಹೊಟ್ಟೆ ನೋಡಿಯೇ ಆಗುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ.

ಈ ವರ್ಷ ಯಾಕೋ ಅಪ್ಪ ಬಹಳ ನೆನಪಾದರು. ಫ್ಲೂಗರ್‌ವಿಲ್‌ನಲ್ಲಿರುವ ವೈನಿಯ ಗ್ಯಾರೇಜಿನಲ್ಲಿ ರಿಹರ್ಸಲ್ ಶುರುವಾದ ದಿನವೇ, "ವೈನಿ, ಈ ಸಲ ನನಗ ದಿವಾನನ ಪಾತ್ರ ಕೊಡ್ರಿ" ಎಂದೆ.

"ಈ ಮಾರಿಗೆ ದಿವಾನನ ಪೇಟಾ ಒಪ್ಪತದೇನ್ರಿ?" ಎಂದು ನಕ್ಕರಾದರೂ ಕೊಟ್ಟರು.

ರಾಣಿಯ ಪಾತ್ರ ನನ್ನ ಹೆಂಡತಿ ವಿದ್ಯಾಳದು. ಅವಳ ಎದುರು ಕೈಮುಗಿದು ನಿಂತು ನಾನು ಹೇಳಬೇಕಾದ ಮಾತು: "ತಾಯಿ, ಈ ಮಣ್ಣು ನಮ್ಮದು. ಬಿಟ್ಟುಕೊಡುವ ಮಾತೇ ಇಲ್ಲ!" ಆಫೀಸಿಗೆ ಡ್ರೈವ್ ಮಾಡುವಾಗಲೆಲ್ಲ ಅದನ್ನೇ ಗಟ್ಟಿಯಾಗಿ ಹೇಳಿಕೊಂಡೆ. ಟೆಕ್ಸಾಸಿನ ಹೈವೇಯಲ್ಲಿ ಹಾಗೆ ಕೂಗುವುದು ಎಷ್ಟು ಸರಿಯೆಂದು ಯೋಚಿಸಲಿಲ್ಲ. ನಿಜ ಹೇಳುತ್ತೇನೆ, ಎರಡು ಸಲ ಕಣ್ಣು ತುಂಬಿ ಬಂತು.

ನಾಟಕದ ದಿನ ಹೂಸ್ಟನ್ನಿನ ಸಭಾಂಗಣ ತುಂಬಿತ್ತು. ಪೇಟ ಸುತ್ತಿ, ಜರಿ ಶಲ್ಯ ಹೊದ್ದು ದರ್ಬಾರಿಗೆ ಕಾಲಿಟ್ಟೆ. ರಾಣಿ ಚಿಂತೆಯಿಂದ ಶತಪಥ ಹಾಕುತ್ತಿದ್ದಳು. ದೀಪದ ಬೆಳಕಿನಲ್ಲಿ ನನಗೆ ಕಂಡದ್ದು ದೊಡ್ಡ ಕುರ್ಚಿಯೊಂದೇ. ಇಷ್ಟು ವರ್ಷ ಪಳಗಿದ ಕಾಲುಗಳು ನೇರ ಅತ್ತ ನಡೆದವು. ಕೂತೆ, ಕಾಲ ಮೇಲೆ ಕಾಲು ಹಾಕಿದೆ, ಎದೆಯುಬ್ಬಿಸಿ ಗುಡುಗಿದೆ: "ತಾಯಿ, ಈ ಮಣ್ಣು ನಮ್ಮದು. ಬಿಟ್ಟುಕೊಡುವ ಮಾತೇ ಇಲ್ಲ!"

"ಏಳ್ರಿ, ಅದು ನನ್ನ ಸಿಂಹಾಸನ!" ಎಂದು ರಾಣಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಅವಳ ಸೆರಗಿಗೆ ಮೈಕ್ ಸಿಕ್ಕಿಸಿತ್ತು.

ಸಭಾಂಗಣದ ನಗು ನಿಲ್ಲುವಷ್ಟರಲ್ಲಿ ನಮ್ಮ ರಾಜ್ಯ ಹೇಗೋ ಉಳಿಯಿತು. ಪರದೆ ಬಿದ್ದ ಮೇಲೆ ವೈನಿ ಸಮಾಧಾನ ಮಾಡಿದರು: "ಇರಲಿ ಬಿಡ್ರಿ, ಒಟ್ಟ ನಮ್ಮ ಕಡೆಯಿಂದ ಮಾತಾಡಿದ್ರಲ್ಲ."

ಮಾತಾಡಿದ್ದೇನೋ ನಿಜ. ಆದರೆ ಅಪ್ಪ ಹೇಳಿದ್ದು ನಿಂತು ಮಾತಾಡು ಎಂದು. ನಾನು ಕೂತುಬಿಟ್ಟಿದ್ದೆ.