ಇಷ್ಟವಾಗದಿದ್ದರೆ ವಾಪಸ್ಸು

ಕಾರನ್ನು ಹೊಸ ಶೆಡ್ಡಿನೊಳಗೆ ನಿಲ್ಲಿಸಿ, ಖುಷಿಗೆ ಒಂದು ಸಲ ಹಾರ್ನ್ ಹೊಡೆದು, ಇಳಿಯಲು ಹೋದ ಟೈಲರಿಗೆ ಆಗ ಗೊತ್ತಾಯಿತು, ಬಾಗಿಲು ತೆಗೆಯಲು ಜಾಗವೇ ಇಲ್ಲವೆಂದು.

ತಪ್ಪು ಗಾರೆಯವನದ್ದಲ್ಲ. ಅಳತೆ ಕೊಟ್ಟವನು ಟೈಲರೇ. ಜನ್ಮವೆಲ್ಲ ಊರವರ ಸೊಂಟ ಅಳೆದವನಿಗೆ ಒಂದು ಕಾರು ಯಾವ ಲೆಕ್ಕ? ಟೇಪು ಹಿಡಿದು ಕನ್ನಡಿಯಿಂದ ಕನ್ನಡಿಗೆ ಅಳೆದು, ಗೋಡೆ ಮೈಗೆ ಹೊಲಿದ ಹಾಗೆ ಕೂರಬೇಕು ಎಂದಿದ್ದ. ಕೂತಿತ್ತು. ಅಂಗಿಯಾದರೆ ಗುಂಡಿ ಬಿಚ್ಚಿ ಹೊರಗೆ ಬರಬಹುದು, ಇಲ್ಲಿ ಏನು ಬಿಚ್ಚುವುದು? ಗಾಬರಿಯಲ್ಲಿ ಗಾಡಿ ಹಿಂದಕ್ಕೆ ತೆಗೆಯುವುದೂ ತೋಚದೆ, ಸೀಟುಗಳ ಮೇಲೆ ತೆವಳಿ, ಡಿಕ್ಕಿಯಿಂದ ಕಾಲು ಮುಂದಾಗಿ ಹೊರಬಂದ. ಅಷ್ಟರಲ್ಲಿ ಬೀದಿಯೆಲ್ಲ ಸೇರಿತ್ತು.

ಹೆಂಡತಿ ಮಾತ್ರ ನಗಲಿಲ್ಲ. "ರೀ, ಈ ಕಾರಿಗೆ ಸುರಿದಿದ್ದು ಅಂಗಡಿ ಹಾಕೋಕೆ ಅಂತ ಇಟ್ಟಿದ್ದ ದುಡ್ಡು. ಇಷ್ಟ ಆಗದಿದ್ರೆ ಒಂದು ವಾರದಲ್ಲಿ ವಾಪಸ್ ತಗೋತೀವಿ ಅಂತ ಷೋರೂಮಿನವರು ಅಂದಿದ್ರಲ್ಲ, ಇವತ್ತೇ ಕಡೇ ದಿನ. ದುಡ್ಡು ತಗೊಂಡ್ ಬನ್ನಿ, ಇಲ್ಲಾಂದ್ರೆ ಬರಲೇಬೇಡಿ."

ವಾಪಸ್ಸಿಗೂ ಷರತ್ತುಗಳಿದ್ದವು. ಮೈಮೇಲೆ ಗೀರಿರಬಾರದು, ಇಷ್ಟೇ ಕಿಲೋಮೀಟರ್ ಓಡಿರಬೇಕು. ಅದರಲ್ಲಿ ಮುಕ್ಕಾಲು ಪಾಲನ್ನು ಭಾಮೈದ ತನ್ನ ಸ್ನೇಹಿತರಿಗೆ ಕಾರು ತೋರಿಸುವುದರಲ್ಲೇ ಮುಗಿಸಿದ್ದ. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕನ್ನಡಕ ಏರಿಸಿ ತೀರ್ಪು ಕೊಟ್ಟರು. "ಇಂಜಿನ್ ಹಚ್ಚಬೇಡಪ್ಪ. ತಳ್ಳಿಸ್ಕೊಂಡು ಹೋಗು. ಇಂಜಿನ್ ಓಡದೆ ಮೀಟರ್ ಹೇಗೆ ಓಡುತ್ತೆ?"

ಬೇಡವೆಂದರೂ ಕೇಳುವವರಾರು? ಕ್ಷೌರಿಕ ತಳ್ಳಿದ, ಪೋಸ್ಟ್‌ಮ್ಯಾನ್ ತಳ್ಳಿದ, ಎದುರುಮನೆಯಾಕೆ ಸೊಂಟದ ಕೀಲಿ ಗೊಂಚಲಿನ ಸಮೇತ ಬಂದು ಬೆನ್ನು ಕೊಟ್ಟಳು. ಮೇಷ್ಟ್ರು ಮುಂದೆ ನಡೆದು ಕೈಬೀಸಿ ದಾರಿ ಬಿಡಿಸಿದರು. ಏರಿನಲ್ಲಿ ಎಲ್ಲರೂ ಏದುಸಿರು ಬಿಡುತ್ತಿದ್ದಾಗ ಟೈಲರು ಮೀಟರಿನ ಕಡೆ ಕಣ್ಣುಹಾಯಿಸಿದ. ಸ್ಟಿಯರಿಂಗ್ ತಿರುಗಲೆಂದು ಕೀಲಿ ತಿರುಗಿಸಿಟ್ಟಿದ್ದರಿಂದ ಅದು ತನ್ನ ಪಾಡಿಗೆ ಓಡುತ್ತಲೇ ಇತ್ತು. ಷೋರೂಮಿನ ಮುಂದೆ ಇಳಿದು ಹಿಂದೆ ಹೋಗಿ ನೋಡಿದರೆ, ಎದುರುಮನೆಯಾಕೆ ಬೆನ್ನು ಕೊಟ್ಟ ಕಡೆ ಈ ತುದಿಯಿಂದ ಆ ತುದಿಗೆ ಗೀರು. ಅವಳು ಆಗಲೇ ಮನೆ ಕಡೆ ಹೊರಟಿದ್ದಳು.

ಟೈ ಕಟ್ಟಿದ ಸೇಲ್ಸಿನವನು ಒಂದು ಮಾತೂ ಬೈಯಲಿಲ್ಲ. ವಾಪಸ್ಸು ಖಂಡಿತ ತಗೋತೀವಿ ಸಾರ್ ಎಂದು ತಣ್ಣೀರು ಕೊಟ್ಟ. ಟೈಲರು ಕಣ್ಣೀರು ಬರುವಷ್ಟು ಹಗುರಾದ. ಆಮೇಲೆ ಶುರುವಾಯಿತು: ಗೀರಿಗೆ ಇಷ್ಟು, ಹೆಚ್ಚು ಓಡಿದ್ದಕ್ಕೆ ಇಷ್ಟು, ತೆವಳುವಾಗ ಹರಿದ ಸೀಟಿನ ಪ್ಲಾಸ್ಟಿಕ್ಕಿಗೆ ಇಷ್ಟು, ರಿಜಿಸ್ಟ್ರೇಷನ್ ದುಡ್ಡಂತೂ ಹೋದ ಹಾಗೇ. ಬಟ್ಟೆಗೆ ಕತ್ತರಿ ಆಡಿಸಿ ಗೊತ್ತಿದ್ದ ಟೈಲರು ತನ್ನ ಮೇಲೇ ಕತ್ತರಿ ಆಡುವುದನ್ನು ಮೊದಲ ಸಲ ನೋಡಿದ. ಹೋಗಲಿ, ಅಂಗಡಿ ಚಿಕ್ಕದಾದರೂ ಸರಿ ಎಂದು ಮನಸ್ಸು ಗಟ್ಟಿಮಾಡಿ ರುಜು ಹಾಕಿ ಕೈ ಚಾಚಿದ.

"ಕೈಗೆ ಕೊಡಲ್ಲ ಸಾರ್. ಅಷ್ಟು ಬೆಲೆಗೆ ನಮ್ಮಲ್ಲೇ ಬೇರೆ ಗಾಡಿ ತಗೋಬೇಕು."

ಟೈಲರು ಕೂಗಾಡಿದ, ಗೋಗರೆದ, ಮೇಷ್ಟ್ರನ್ನು ಮುಂದೆ ಬಿಟ್ಟ. ಮೇಷ್ಟ್ರು ಷರತ್ತುಗಳನ್ನು ಓದಿ, ಕನ್ನಡಕ ಒರೆಸಿಕೊಂಡು, ಕಾಗದ ಮಡಚಿ ಟೈಲರಿಗೇ ವಾಪಸ್ಸು ಕೊಟ್ಟರು. ಹೊಸ ಕಾರು ಒಂದೂ ಆ ಬೆಲೆಗೆ ಎಟುಕಲಿಲ್ಲ. ಸೇಲ್ಸಿನವನು ಯೋಚಿಸಿ, ಹಿಂದಿನ ಅಂಗಳದಲ್ಲಿ ಹಳೇ ಗಾಡಿಗಳಿವೆ, ನಿಮ್ಮ ಅದೃಷ್ಟಕ್ಕೆ ಸರಿಯಾಗಿ ಈಗ ತಾನೇ ಒಂದು ಬಂದಿದೆ ಎಂದು ಕರೆದುಕೊಂಡು ಹೋದ.

ಒರೆಸಿ ಹೊಳಪು ಮಾಡಿ, ಗೀರಿನ ಮೇಲೆ ಒಂದು ಉದ್ದನೆ ಸ್ಟಿಕ್ಕರ್ ಅಂಟಿಸಿ ನಿಲ್ಲಿಸಿದ್ದರು.

"ಒಂದೇ ವಾರ ಓಡಿರೋದು ಸಾರ್. ಒಬ್ಬರೇ ಓನರ್. ಪಾಪ, ಬಹಳ ಜೋಪಾನವಾಗಿ ಇಟ್ಕೊಂಡಿದ್ರು."

ಟೈಲರು ತನ್ನ ಕಾರನ್ನು ಒಂದು ಸುತ್ತು ಹಾಕಿದ. ಆಮೇಲೆ ಕೇಳಿದ, "ಇಷ್ಟ ಆಗಲಿಲ್ಲ ಅಂದ್ರೆ ವಾಪಸ್ ತಗೋತೀರಾ?"

"ಅದು ಹೊಸ ಗಾಡಿಗೆ ಮಾತ್ರ ಸಾರ್," ಎಂದು ಸೇಲ್ಸಿನವನು ಅವನ ಕೈಗೆ ಕೀಲಿ ಇಟ್ಟ.