ರಾಗಿಹುಲ್ಲಿನ ಹಿಮಾಲಯ

ಎಂಬತ್ತರ ದಶಕದಲ್ಲಿ ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದೆ. ಚಳಿಗಾಲದಲ್ಲಿ ಹಿಮಾಲಯ ಹತ್ತಲು ನಮ್ಮಲ್ಲಿ ಒಬ್ಬರನ್ನು ಕಾರ್ಖಾನೆಯವರು ಕಳಿಸುತ್ತಾರೆಂದು ತಿಳಿದಾಗ ನಾನು ಕೈ ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲ. ಹೀಗೆ ಅವಿರೋಧವಾಗಿ ಆಯ್ಕೆಯಾದೆ!

ಐಸ್‌ಕ್ಯಾಂಡಿ ಡಬ್ಬದಲ್ಲಿ ಬಿಟ್ಟರೆ ನಾನು ಹಿಮವನ್ನು ಬೇರೆಲ್ಲೂ ಕಂಡವನಲ್ಲ. ಆದರೆ ಅವರು ಕೊಟ್ಟ ಕಿರುಪುಸ್ತಕವನ್ನು ಮೂರು ಸಲ ಓದಿದ್ದೆ. ಹಳೆಯ ಹಿಮದ ಮೇಲೆ ಹೊಸ ಹಿಮ ಬಿದ್ದು, ಅದಿನ್ನೂ ಗಟ್ಟಿಯಾಗಿ ಕೂರದಿದ್ದರೆ ಇಡೀ ಇಳಿಜಾರೇ ಕಳಚಿ ಬರುತ್ತದಂತೆ; ಅದೇ ಅವಲಾಂಚ್. ಸೊಂಟಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿಕೊಂಡಿರಬೇಕು; ಹೂತುಹೋದರೆ ಅದನ್ನು ಹಿಡಿದು ಹುಡುಕುತ್ತಾರೆ. ಹಿಮ ಎಳೆದುಕೊಂಡು ಹೋಗುವಾಗ ಈಜುವಂತೆ ಕೈಕಾಲು ಬಡಿಯಬೇಕು.

ಅಭ್ಯಾಸ ಬೇಡವೇ? ಭಾನುವಾರ ಹೆಂಡತಿ ಜಯಮ್ಮನ ಜೊತೆ ಗುಮ್ಮಳಾಪುರದ ಮಾವನ ಮನೆಗೆ ಹೋದೆ. ಕಣದ ಪಕ್ಕದಲ್ಲಿ ರಾಗಿಹುಲ್ಲಿನ ಬಣವೆ ಎರಡಾಳೆತ್ತರ ನಿಂತಿತ್ತು. ಜಯಮ್ಮನ ಕೆಂಪು ರಿಬ್ಬನ್ ಸೊಂಟಕ್ಕೆ ಕಟ್ಟಿ, ಕೈಯಲ್ಲಿ ದೊಣ್ಣೆ ಹಿಡಿದು ಆರೋಹಣಕ್ಕೆ ಸಿದ್ಧನಾದೆ.

"ಬ್ಯಾಡಿ ಅಳಿಯಂದ್ರೇ," ಎಂದರು ಮಾವ. "ಕೆಳಗಿರೋದು ಹೋದೊರ್ಸದ ಹುಲ್ಲು. ಮ್ಯಾಲಿಂದು ಮೊನ್ನೆ ಒಟ್ಟಿದ್ದು, ಇನ್ನೂ ಕೂತಿಲ್ಲ. ಜಾರ್ಬುಡ್ತದೆ."

ನಾನು ನಕ್ಕೆ. ಪಾಪ, ಮಾವ ಪುಸ್ತಕ ಓದಿದವರಲ್ಲ!

ಅರ್ಧ ಹತ್ತಿರಬೇಕು. ಕೆಳಗಿನಿಂದ ಜಯಮ್ಮ ಕಿರುಚಿದಳು. "ಏನ್ರೀ, ಇಳೀರಿ! ದನಕ್ಕೆ ವರ್ಷದ ಮೇವು ಅದು!"

"ಕೂಗ್ಬ್ಯಾಡ ಕಣೇ! ಸದ್ದಿಗೆ ಕುಸಿದ್ಬುಡ್ತದೆ!" ಎಂದು ನಾನು ಅವಳಿಗಿಂತ ಜೋರಾಗಿ ಕೂಗಿದೆ.

ಕುಸಿಯಿತು.

ಮೇಲಿನ ಹುಲ್ಲೆಲ್ಲ ನನ್ನನ್ನು ಹೊತ್ತುಕೊಂಡು ಹೊರಟಿತು. ಈಜಬೇಕೆಂಬುದು ನೆನಪಾಯಿತು. ನನಗೆ ಈಜು ಬರುವುದಿಲ್ಲವೆಂಬುದೂ ನೆನಪಾಯಿತು. ಆಮೇಲೆ ಬರೀ ಕತ್ತಲು. ಮೂಗು, ಬಾಯಿ, ಕಿವಿಯಲ್ಲೆಲ್ಲ ಹುಲ್ಲು. ಉಸಿರು ಕಟ್ಟಿ, ನಿಜವಾಗಿಯೂ ಹೆದರಿಬಿಟ್ಟೆ.

ಎಲ್ಲೋ ದೂರದಲ್ಲಿ ಜಯಮ್ಮನ ದನಿ ಅಳುತ್ತಿತ್ತು. "ಅಪ್ಪಾ, ರಿಬ್ಬನ್ ಕಾಣ್ತೈತೆ! ಎಳಿಯಪ್ಪಾ!"

ಮಾವ ಎಳೆದರು. ರಿಬ್ಬನ್ ಬಂತು. ನಾನು ಬರಲಿಲ್ಲ.

ಕೊನೆಗೆ ನನ್ನನ್ನು ಪತ್ತೆ ಮಾಡಿದ್ದು ಹಸು. ಹರಡಿಬಿದ್ದ ಹುಲ್ಲನ್ನು ಮೇಯುತ್ತಾ ಮೇಯುತ್ತಾ ಅದು ನನ್ನ ಕಾಲಿನವರೆಗೆ ಬಂದಿತ್ತು. ಮಾವ ಆ ಕಾಲು ಹಿಡಿದು ನನ್ನನ್ನು ಹೊರಗೆಳೆದರು.

ಸೋಮವಾರ ಕಾರ್ಖಾನೆಯ ಡಾಕ್ಟರು ನನ್ನ ಊದಿದ ಪಾದ ನೋಡಿ, ಹೇಗಾಯಿತೆಂದು ತಮಿಳಿನಲ್ಲಿ ಕೇಳಿದರು.

"ಅವಲಾಂಚ್, ಸಾರ್."

"ಎಂಗೆ?" ಎಲ್ಲಿ ಎಂದು ಕೇಳಿದರು.

"ಗುಮ್ಮಳಾಪುರದಲ್ಲಿ, ಸಾರ್."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಹಿಮಾಲಯದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದರು.

ಹಿಮಾಲಯಕ್ಕೆಂದು ಮಂಜೂರಾಗಿದ್ದ ರಜೆ ಮಾತ್ರ ಹಾಗೇ ಉಳಿಯಿತು. ಕಾಲು ನೆಟ್ಟಗಾದದ್ದೇ ತಡ, ಮಾವ ಬಣವೆ ಒಟ್ಟಲು ಹೇಳಿಕಳಿಸಿದರು. ಮೇಲೆ ನಿಂತು ಹುಲ್ಲು ಜೋಡಿಸಿದವಳು ಜಯಮ್ಮ. ಕೆಳಗಿನಿಂದ ಹೊರೆ ಎತ್ತಿಕೊಡುವುದಷ್ಟೇ ನನ್ನ ಪಾಲಿಗೆ ಬಂತು. ಕೈಗೆಟುಕುತ್ತಿಲ್ಲವೆಂದು ಒಮ್ಮೆ ಏಣಿಯ ಎರಡನೇ ಮೆಟ್ಟಿಲಿಗೆ ಕಾಲಿಟ್ಟೆ.

"ಇಳೀರಿ ಕೆಳಕ್ಕೆ!" ಅಪ್ಪ, ಮಗಳು ಒಟ್ಟಿಗೇ ಗದರಿದರು.

ಇಳಿದೆ. ನನ್ನ ಪರ್ವತಾರೋಹಣ ಅಲ್ಲಿಗೆ ಮುಗಿಯಿತು!