ಸಂಜೆರೊಟ್ಟಿಯ ಜರ್ಮನ್ ಪಾಠ

ಮನೆಯವರಲ್ಲಿ ಒಬ್ಬರು ದೂರದೇಶದಲ್ಲಿದ್ದರೆ ಉಳಿದವರ ಬಾಳಿನಲ್ಲಿ ಏನಾದರೊಂದು ನಗೆಪಾಟಲು ನಡೆದೇ ಇರುತ್ತದೆ. ನನ್ನ ಹೆಂಡತಿ ನರ್ಸು. ಶಹಾಪುರದಿಂದ ಜರ್ಮನಿಗೆ ಹೋಗಿ ಅಲ್ಲಿನ ವೃದ್ಧರ ಆರೈಕೆ ಮಾಡುತ್ತಾಳೆ. ನಾನೂ ಹೋಗಬೇಕೆಂದರೆ ಜರ್ಮನ್ ಪರೀಕ್ಷೆ ಪಾಸಾಗಬೇಕಿತ್ತು. ಮೊದಲ ಸಲ ಡುಮ್ಕಿ ಹೊಡೆದಿದ್ದೆ. ಅಂದಿನಿಂದ ಫೋನಿನಲ್ಲಿ ಅವಳೇ ಪಾಠ ಶುರು ಮಾಡಿದಳು. ಫ್ರ್ಯೂಷ್ಟ್ಯುಕ್ ಅಂದರೆ ನಾಷ್ಟಾ, ಮಿಟಾಗ್‌ಎಸ್ಸೆನ್ ಅಂದರೆ ಮಧ್ಯಾಹ್ನದ ಊಟ. ಬರೀ ತಿನ್ನುವ ಮಾತೇ. ಅವಳು ಮನೆಯೂಟದ ನೆನಪಿನಲ್ಲಿ, ನಾನು ಅವಳ ನೆನಪಿನಲ್ಲಿ.

ಒಲೆ

"ರಾತ್ರಿ ಊಟಕ್ಕ ಇಲ್ಲಿ ಆಬೆಂಡ್‌ಬ್ರೋಟ್ ಅಂತಾರ್ರಿ. ಅಂದ್ರ ಸಂಜೀ ರೊಟ್ಟಿ," ಅಂದಳು ಒಂದು ದಿನ ಸ್ಪೀಕರ್ ಫೋನಿನಲ್ಲಿ.

ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ನಮ್ಮವ್ವನಿಗೆ ಖುಷಿಯೋ ಖುಷಿ. "ನೋಡು, ಅಲ್ಲೂ ರೊಟ್ಟಿ ಐತಿ!"

"ಇದು ಬ್ಯಾರೆ ರೊಟ್ಟಿ ಅತ್ತಿ. ತಣ್ಣನ ಬ್ರೆಡ್ಡು, ಮ್ಯಾಲ ಚೀಜು. ರಾತ್ರಿಗೆ ಒಲಿನ ಹಚ್ಚಂಗಿಲ್ಲ."

ಅವ್ವನ ಕೈ ನಿಂತಿತು. ನಮ್ಮಲ್ಲಿ ಒಲೆ ಹಚ್ಚದಿರುವುದು ಸಾವಾದ ಮನೆಯಲ್ಲಿ. ಮೆಲ್ಲಗೆ ಕೇಳಿದಳು, "ಯಾರ್ ತೀರಿಕೊಂಡಾರವಾ?"

"ಯಾರೂ ಇಲ್ಲತ್ತಿ. ದಿನಾ ಹಿಂಗ ಇರ್ತದ."

ಮರುದಿನ ಅವ್ವ ನೆರೆಮನೆಯವಳಿಗೆ ಹೇಳುತ್ತಿದ್ದಳು: "ನಮ್ಮ ಸೊಸಿ ಇರೂ ಊರಾಗ ದಿನಾ ಒಬ್ಬರರೆ ಸಾಯ್ತಾರ ನೋಡವಾ."

ಬ್ಯಾಡ

ನನ್ನ ಹೆಂಡತಿ ನೋಡಿಕೊಳ್ಳುವ ಅಜ್ಜಿಯ ಹುಟ್ಟುಹಬ್ಬ. ಅಜ್ಜಿಯ ಮಗಳು ಕೂಖೆನ್, ಅಂದರೆ ಕೇಕು, ತಂದು ಇವಳ ಮುಂದೆ ಹಿಡಿದಳಂತೆ. ಇವಳು ನಮ್ಮ ರೀತಿಯಂತೆ "ನೈನ್, ಡಾಂಕೆ" ಅಂದಳು. ಬೇಡ, ಧನ್ಯವಾದ ಅಂತ. ನಮ್ಮ ಕಡೆ ಮೊದಲನೆಯ ಬ್ಯಾಡ ಮರ್ಯಾದೆಗೆ, ಎರಡನೆಯದು ನಾಚಿಕೆಗೆ, ಮೂರನೆಯದಕ್ಕೆ ಕೈ ತಾನೇ ತಾಟಿಗೆ ಹೋಗುತ್ತದೆ. ಆ ಮಗಳು ಮಾತ್ರ ಆಯ್ತೆಂದು ತಲೆಯಾಡಿಸಿ ಮುಂದಿನವರಿಗೆ ಕೊಟ್ಟುಬಿಟ್ಟಳು.

"ಒಂದ್ ಮಾತೂ ಒತ್ತಾಯ ಮಾಡ್ಲಿಲ್ರೀ!" ಅಂತ ನಗುತ್ತ ಹೇಳಿದವಳು ನಗುತ್ತಲೇ ಅತ್ತಳು. ನನಗೆ ಅವಳ ಎದುರಿಗೆ ಕೂತು ಉಣಿಸಬೇಕು ಅನ್ನಿಸಿತು.

"ಅಳಬ್ಯಾಡ. ನಾ ಬಂದು ಒತ್ತಾಯ ಮಾಡ್ತೀನಿ."

"ಮೊದ್ಲ ಪಾಸಾಗ್ರಿ," ಅಂದಳು.

ಮಾತಿನ ಪರೀಕ್ಷೆ

ಎರಡನೆಯ ಸಲ ಪರೀಕ್ಷೆಗೆ ಬೆಂಗಳೂರಿಗೆ ಹೋದಾಗ ಜೊತೆಗೆ ನಮ್ಮ ಕಡೆಯವರೇ ಆದ ವಡಗೇರಾದವರೊಬ್ಬರು ಇದ್ದರು. ಅವರ ಹೆಂಡತಿಯೂ ಜರ್ಮನಿಯಲ್ಲೇ ನರ್ಸು. ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿದರು. ಕಾರ್ಡಿನ ಚಿತ್ರದಲ್ಲಿರುವುದನ್ನು ತಗೊಳ್ಳಿ ಅಂತ ಒಬ್ಬರು ಜರ್ಮನ್ನಿನಲ್ಲಿ ಹೇಳಬೇಕು, ಇನ್ನೊಬ್ಬರು ಉತ್ತರಿಸಬೇಕು. ಅವರಿಗೆ ಬ್ರೆಡ್ಡಿನ ಚಿತ್ರ ಬಂತು.

"ಬ್ರೋಟ್, ಬಿಟೆ," ಅಂದರು. ತಗೊಳ್ರಿ ಅಂತ.

"ನೈನ್, ಡಾಂಕೆ," ಅಂದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಡಗೇರಾದವರು ಅಷ್ಟಕ್ಕೆ ಬಿಡುವವರೇ?

"ಬಿಟೆ, ಬಿಟೆ!" ಕಾರ್ಡು ನನ್ನ ಕಡೆ ನೂಕಿದರು.

"ನೈನ್, ನೈನ್!" ನಾನು ವಾಪಸ್ ನೂಕಿದೆ.

ಅವರು ಎದ್ದು ನಿಂತು ಕಾರ್ಡನ್ನು ನನ್ನ ಅಂಗಿಯ ಜೇಬಿಗೇ ತುರುಕಲು ಬಂದರು. ಈ ಸಲವೂ ಹೋಯಿತು ಅಂದುಕೊಂಡೆ. ಪರೀಕ್ಷಕಿ ಪೆನ್ನು ಕೆಳಗಿಟ್ಟು ಜರ್ಮನ್ನಿನಲ್ಲಿ ಕೇಳಿದರು, "ನೀವ್ಯಾಕೆ ತಿನ್ನುವುದಿಲ್ಲ?"

ಕಲಿತದ್ದೆಲ್ಲ ಹಾರಿಹೋಗಿತ್ತು. ಒಂದೇ ವಾಕ್ಯ ಪೂರ್ತಿ ಬಂತು: "ನನ್ನ ಹೆಂಡತಿ ದಿನಾ ಆಬೆಂಡ್‌ಬ್ರೋಟ್ ಒಬ್ಬಳೇ ತಿನ್ನುತ್ತಾಳೆ."

ಪರೀಕ್ಷಕಿ ಮತ್ತೆ ಪೆನ್ನೆತ್ತಿ ಏನೋ ಬರೆದುಕೊಂಡರು. ನಾನು ಪಾಸಾದದ್ದು ಆ ವಾಕ್ಯಕ್ಕೇ ಎಂದು ಇಂದಿಗೂ ನಂಬಿದ್ದೇನೆ. ವಡಗೇರಾದವರಿಗೆ ಮಾತ್ರ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಎರಡು ಬೆರಳೆತ್ತಿ, ಪರೀಕ್ಷೆ ಅನ್ನುವುದನ್ನೂ ಮರೆತು ಅಚ್ಚ ನಮ್ಮ ಭಾಷೆಯಲ್ಲೇ ಅಂದರು:

"ಹಂಗಾದ್ರ ಎರಡು ತಗೊಂಡ್ ಹೋಗ್ರಿ!"